ಭಾಮಿನಿಯಲ್ಲಿ ಭೀಮನ ಸಿಟ್ಟು

ಬೆಳಗಾವಿಯ ಗಡಿ ತಂಟೆ ಹೊತ್ತಿಕೊಂಡಾಗಲೆಲ್ಲ ಮುಂಬಯಿಯ ಮುಲುಂಡಿನ ಕನ್ನಡಿಗರಿಗೆ ಎರಡು ಕಡೆಯಿಂದ ಬಿಸಿ ತಟ್ಟುತ್ತದೆ: ಮೊಬೈಲಿನಲ್ಲಿ ಊರಿನವರ ಆವೇಶ, ಲೋಕಲ್ ಗಾಡಿಯಲ್ಲಿ ಪಕ್ಕದ ಸೀಟಿನವರದು. ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಸಿಟ್ಟಿನ ವಾಯಿದೆ ಮಾತ್ರ ಮುಗಿಯುತ್ತಿಲ್ಲ. ಇಂಥ ಸಂಜೆ ಕುಮಾರವ್ಯಾಸ ಭಾರತ ಬಿಚ್ಚಿ ಕೂರುವ ಸುಖವೇ ಬೇರೆ. ಹಾಗೆಂದು ನೆಮ್ಮದಿಯನ್ನು ಶಾಂತಿಪರ್ವದಲ್ಲಿ ಹುಡುಕಬಾರದು. (ಹತ್ತೇ ಪರ್ವಕ್ಕೆ ನಿಲ್ಲಿಸಿದ ಕುಮಾರವ್ಯಾಸ ಅಲ್ಲಿಯವರೆಗೆ ಬರುವುದೂ ಇಲ್ಲ.) ಸಿಟ್ಟು ಇಳಿಯುವುದು ಸಿಟ್ಟೇ ತುಂಬಿದ ಸಭಾಪರ್ವದಲ್ಲಿ, ಉದ್ಯೋಗಪರ್ವದಲ್ಲಿ. ಅದಕ್ಕೆ ಕಾರಣ ಉಪದೇಶವಲ್ಲ, ನಡೆ. ಆ ಕಾವ್ಯದ ಭಾಮಿನಿ ಷಟ್ಪದಿಯ ನಾಲ್ಕು ಸಾಲುಗಳು ಮೂರು-ನಾಲ್ಕರ ಲಯದಲ್ಲಿ 14 ಮಾತ್ರೆಗೆ ಮುಗಿದರೆ, ಮೂರನೆಯದೂ ಆರನೆಯದೂ 23ರವರೆಗೆ ಎಳೆದು ಗುರುವಿನ ಮೇಲೆ ನಿಲ್ಲುತ್ತವೆ. ಪದ್ಯದೊಳಗೆ ಭೀಮ ಹಲ್ಲು ಕಡಿಯಲಿ, ಓದುವವರ ಉಸಿರು ಮಾತ್ರ ಹದ ತಪ್ಪುವಂತಿಲ್ಲ. ಪ್ರಾಸಕ್ಕಾಗಿ ಪದ ಸಾಲಿನಂಚಿನಲ್ಲಿ ಒಡೆದಿದ್ದರೆ ಅಲ್ಲಿ ನಿಲ್ಲದೆ ಅರ್ಥ ಕೂಡುವವರೆಗೆ ದಾಟಿ ಹೋಗಬೇಕು. ಇದನ್ನು ಎಷ್ಟು ಹೇಳಿದರೂ ಕೇಳದವರಿದ್ದಾರೆ. ದಿನಕ್ಕೆ ಇಷ್ಟು ಸಂಧಿ ಎಂದು ಲೆಕ್ಕವಿಟ್ಟು, ಫಾಸ್ಟ್ ಲೋಕಲ್ ಸಣ್ಣ ಸ್ಟೇಷನ್ನುಗಳನ್ನು ಹಾರಿಸುವಂತೆ ಓಡುತ್ತಾರೆ. ಮುಗಿಸಿ ಎದ್ದ ಮೇಲೆ ಟಿವಿಯವರನ್ನು ಬೈಯಲು ಹೊಸ ಶಕ್ತಿ ಬಂದಿರುತ್ತದೆ.

ಇವರನ್ನಾದರೂ ಸಹಿಸಬಹುದು, ಗೀತೆಯ 700 ಶ್ಲೋಕಗಳಲ್ಲಿ ತಮಗೆ ಬೇಕಾದ ಒಂದನ್ನು ಕಿತ್ತು ಎದುರಾಳಿಯ ಮೇಲೆ ಎಸೆಯುವವರನ್ನು ಸಹಿಸುವುದು ಹೇಗೆ? ಸಿಟ್ಟು ಹೇಗೆ ನೆನಪನ್ನೂ ಬುದ್ಧಿಯನ್ನೂ ಕೆಡಿಸುತ್ತದೆಂದು ಎರಡನೆಯ ಅಧ್ಯಾಯ ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದೆ. ಆ ಜಾಗ ಇವರ ಕಣ್ಣಿಗೆ ಬೀಳುವುದೇ ಇಲ್ಲ. ಮುಲುಂಡಿನ ಸತ್ಯಧ್ಯಾನ ವಿದ್ಯಾಪೀಠದಂಥ ಕಡೆ ಕಲಿಸುವ ಶಾಸ್ತ್ರಗಳ ಪದ್ಧತಿ ಇದಕ್ಕೆ ತೀರ ವಿರುದ್ಧ: ಮೊದಲು ಪೂರ್ವಪಕ್ಷವನ್ನು ಪೂರ್ತಿಯಾಗಿ ಇಡಬೇಕು, ಖಂಡನೆ ಆಮೇಲೆ. ಎದುರಿನವನ ವಾದವನ್ನು ಅವನು ಒಪ್ಪುವಂತೆ ಹೇಳುವಷ್ಟರಲ್ಲಿ ಅರ್ಧ ಕಾವು ಆರಿರುತ್ತದೆ.

ಹೀಗೆ ಕಾವು ಆರಿಸಿಕೊಳ್ಳುವುದು ಅನ್ಯಾಯಕ್ಕೆ ಬೆನ್ನು ತಿರುಗಿಸುವ ಉಪಾಯ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ತಿಲಕರು ಗೀತಾರಹಸ್ಯ ಬರೆದದ್ದು ಮಂಡಾಲೆಯ ಸೆರೆಮನೆಯಲ್ಲಿ. ವಿನೋಬಾ ಗೀತೆ ಹೇಳಿದ್ದು 1932ರಲ್ಲಿ, ಧುಳೆಯ ಜೈಲಿನಲ್ಲಿ. ಇಬ್ಬರೂ ಬೆನ್ನು ತಿರುಗಿಸಿದವರಲ್ಲ. ಪತ್ರಿಕೆ ನಡೆಸಿ, ರಾಜ್ಯಶಾಸ್ತ್ರ ಬರೆದ ಡಿ.ವಿ.ಜಿ.ಯವರ ಗೀತಾತಾತ್ಪರ್ಯಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮಹಾಜನ ವರದಿಯ ವರ್ಷವೇ. ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ವ್ಯಾಸಭಾರತದ ಉದ್ಯೋಗಪರ್ವದಲ್ಲಿದೆ. ಕೃಷ್ಣ ಸಂಧಾನಕ್ಕೆ ಹೊರಡುವಾಗ ಭೀಮನೇ ಮೆತ್ತಗಾಗಿ ಸಾಮದ ಮಾತಾಡುತ್ತಾನೆ. ಕೃಷ್ಣ ಅವನನ್ನು ಛೇಡಿಸುತ್ತಾನೆ. ಸಿಟ್ಟು ಉಳಿದವಳು, ಬಿಚ್ಚಿದ ಮುಡಿ ಹಿಡಿದು ಬಂದ ದ್ರೌಪದಿ. ಅವಳ ಸಿಟ್ಟು ತಪ್ಪೆಂದು ಕೃಷ್ಣ ಹೇಳಲಿಲ್ಲ. ಶತ್ರುಗಳು ಅಳಿಯುತ್ತಾರೆಂದು ಮಾತು ಕೊಟ್ಟ. ಕೊಟ್ಟ ಮೇಲೂ ಸಂಧಿಯ ಮಾತಾಡಲೆಂದೇ ಹಸ್ತಿನಾವತಿಗೆ ಹೊರಟ.