ಹೊಸ್ತಿಲಿನ ಕಾವಲುಗಾರ



ಮುಂಬಯಿಯ ಕಟ್ಟಡಗಳಲ್ಲಿ ವಾಸಿಸುವ ನಮಗೆ ಕಾವಲುಗಾರನ ಪರಿಚಯವನ್ನು ಹೇಳಬೇಕಾಗಿಲ್ಲ. ಪರಿಚಿತರನ್ನು ಒಳಗೆ ಬಿಡುವುದು, ಉಳಿದವರನ್ನು ತಡೆದು ವಿಚಾರಿಸುವುದು ಅವನ ಧರ್ಮ. ದಿನವೂ ಬಳಸುವ ಗಣಕಯಂತ್ರದ ಹೊಸ್ತಿಲಿನಲ್ಲಿಯೂ ಅಂತಹ ಕಾವಲುಗಾರನೊಬ್ಬನಿರುವನೆಂಬುದನ್ನು ಮಾತ್ರ ನಮ್ಮಲ್ಲಿ ಬಹುಮಂದಿ ಅರಿಯರು. ಅವನ ಹೆಸರು ಸೆಕ್ಯೂರ್ ಬೂಟ್.

ಗುಂಡಿಯನ್ನೊತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಎಂಬ ಚಿಕ್ಕ ತಂತ್ರಾಂಶ. 1981ರ ಐ.ಬಿ.ಎಂ. ಪಿ.ಸಿ.ಯಲ್ಲಿ ಇದಕ್ಕೆ ಬಯಾಸ್ ಎಂದು ಹೆಸರಿತ್ತು. ಇಂದಿನ ಯಂತ್ರಗಳಲ್ಲಿರುವುದು ಯು.ಇ.ಎಫ್.ಐ. ಹಳೆಯ ಬಯಾಸ್, ಡಿಸ್ಕಿನಲ್ಲಿ ಮೊದಲು ಕಂಡುದನ್ನು ಪ್ರಶ್ನಿಸದೆ ನಡೆಸುತ್ತಿತ್ತು. ಆದುದರಿಂದ ವಿಂಡೋಸಿಗಿಂತ ಮುಂಚೆಯೇ ಒಳಹೊಕ್ಕು ಅವಿತುಕೊಳ್ಳುವ ದುಷ್ಟ ತಂತ್ರಾಂಶಗಳಿಗೆ ದಾರಿಯಾಯಿತು. 2012ರಲ್ಲಿ ವಿಂಡೋಸ್ 8ರೊಡನೆ ವ್ಯಾಪಕವಾಗಿ ಬಳಕೆಗೆ ಬಂದ ಸೆಕ್ಯೂರ್ ಬೂಟ್, ಯಂತ್ರವನ್ನು ಆರಂಭಿಸುವ ತಂತ್ರಾಂಶದ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ. ಅದರ ಬಳಿ ಎರಡು ಪಟ್ಟಿಗಳಿವೆ: ಒಪ್ಪಿದವರದೊಂದು, ಬಹಿಷ್ಕೃತರದೊಂದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ನಿಂತಿತು. ಹೊಸ ಯಂತ್ರವನ್ನು ಕೊಳ್ಳಲು ಅಧ್ಯಾಪಕನ ಸಂಬಳ ಸಾಲದು. ಆದಕಾರಣ ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟುವನ್ನು ಸ್ಥಾಪಿಸಲು ನಿಶ್ಚಯಿಸಿದೆವು. ಅದರೊಳಗೆ ಎಂಟು ವರ್ಷಗಳ ಪಾಠದ ಟಿಪ್ಪಣಿಗಳೂ ಈ ಶಾಲೆಯಿಂದ ಹೊರಟುಹೋದ ಮಕ್ಕಳ ಪ್ರಬಂಧಗಳೂ ಇದ್ದವು.

"ಸರ್, ಮೊದಲು ಸೆಕ್ಯೂರ್ ಬೂಟ್ ತೆಗೆದುಬಿಡಿ" ಎಂದು ವಿದ್ಯಾರ್ಥಿಯೊಬ್ಬನು ಸಲಹೆಯಿತ್ತನು.

"ತೆಗೆಯೋಣವಯ್ಯಾ, ಅದು ಯಾರನ್ನು ತಡೆಯುತ್ತದೆಂಬುದನ್ನು ಮೊದಲು ತಿಳಿಯೋಣ" ಎಂದೆವು.

ಬಿಟ್‌ಲಾಕರ್ ಎಂಬ ಬೀಗವಿದ್ದ ಯಂತ್ರದಲ್ಲಿ ಈ ಏರ್ಪಾಡನ್ನು ಬದಲಿಸಿದರೆ, ಅದು 48 ಅಂಕಿಗಳ ಕೀಲಿಸಂಖ್ಯೆಯನ್ನು ಕೇಳಬಹುದು. ಸಂಖ್ಯೆ ದೊರೆಯದಿದ್ದರೆ ಒಳಗಿನ ಬರಹವೆಲ್ಲ ಕೈತಪ್ಪಿತು. ಆದುದರಿಂದ ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟು, ಕಡತಗಳೆಲ್ಲವನ್ನೂ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಕೊಂಡೆವು. ಬಳಿಕ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್‌ಗಳ ಮೂಲಕ ಯು.ಇ.ಎಫ್.ಐ. ಫರ್ಮ್‌ವೇರ್ ಸೆಟ್ಟಿಂಗ್ಸ್ ತಲಪಿದೆವು. ಆರಂಭದಲ್ಲಿಯೇ ಎಫ್ 2, ಎಫ್ 10 ಅಥವಾ ಡಿಲೀಟ್ ಒತ್ತಿ ಪ್ರವೇಶಿಸುವ ಯಂತ್ರಗಳೂ ಉಂಟು.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ ಊರು ಬಿಟ್ಟು ಬಂದ ನಮಗೆ, ಇಂಗ್ಲಿಷಿನಿಂದ ತುಂಬಿದ ಆ ಪುಟವು ಗುರುತಿಲ್ಲದ ಪೇಟೆಯಂತೆ ಕಂಡಿತು. ಒಂದೊಂದು ಪದದ ಅರ್ಥವನ್ನೂ ಕನ್ನಡದಲ್ಲಿ ಬರೆದುಕೊಂಡೆವು. ವಿಚಾರಿಸುತ್ತ ಹೋದಂತೆ ಸಂಗತಿ ಸ್ಪಷ್ಟವಾಯಿತು. ಉಬುಂಟುವಿನ ಶಿಮ್ ಎಂಬ ಆರಂಭಿಕ ತಂತ್ರಾಂಶಕ್ಕೆ 2012ರಿಂದಲೂ ಮೈಕ್ರೋಸಾಫ್ಟಿನ ಸಹಿಯಿದೆ; ಕಾವಲುಗಾರನು ಅದನ್ನು ತಡೆಯುವುದೇ ಇಲ್ಲ! ಬೂಟ್ ಕ್ರಮದಲ್ಲಿ ಯು.ಎಸ್.ಬಿ.ಯನ್ನು ಮೊದಲಿಗಿರಿಸಿದುದಷ್ಟೇ ನಮ್ಮ ಕೆಲಸವಾಯಿತು.

ಸಹಿಯಿಲ್ಲದ ತಂತ್ರಾಂಶವನ್ನು ನಡೆಸಲು ಸೆಕ್ಯೂರ್ ಬೂಟನ್ನು ನಿಲ್ಲಿಸಬೇಕಾದ ಪ್ರಸಂಗಗಳೂ ಇಲ್ಲದಿಲ್ಲ. ಆಗ ಅವಶ್ಯವಾಗಿ ನಿಲ್ಲಿಸಿರಿ. ಕೆಲಸ ತೀರಿದ ಮೇಲೆ ಮರಳಿ ನೆಲೆಗೊಳಿಸಿರಿ. ಆದರೆ ಅರ್ಥವರಿಯದೆ ಯಾವ ಗುಂಡಿಯನ್ನೂ ಒತ್ತದಿರಿ. ಸ್ವಭಾಷೆಯಲ್ಲಿ ಚೆನ್ನಾಗಿ ತಿಳಿದುಕೊಂಡವನನ್ನು ಪರಭಾಷೆಯ ಪರದೆ ಬೆದರಿಸಲಾರದು.