ಎರಡೂವರೆ ಅಡಿ ಹಳಿಯ ರೈಲು

ನಂದಿಬೆಟ್ಟದ ತಪ್ಪಲಿನಲ್ಲಿ, ಭೋಗನಂದೀಶ್ವರ ದೇವಾಲಯದಿಂದ ಅಷ್ಟೇನೂ ದೂರವಿಲ್ಲದ ಕಡೆ ಒಂದು ಪುಟ್ಟ ರೈಲು ನಿಲ್ದಾಣವಿದೆ. ಹೆಸರು ನಂದಿ ಹಾಲ್ಟ್. ಅದರ ಮುಂದೆ ಇಂದು ಹಾದುಹೋಗುವುದು ಬ್ರಾಡ್‌ಗೇಜ್ ಹಳಿ. ಆದರೆ ಕಟ್ಟಡ ಅದಕ್ಕಿಂತ ಹಳೆಯದು, ಸಣ್ಣ ಹಳಿಯ ಸಣ್ಣ ರೈಲಿನ ಕಾಲದ್ದು. ಆ ರೈಲು ಈಗಿಲ್ಲ.

ಕೋಲಾರ ಜಿಲ್ಲೆಗೆ ರೈಲು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿತ್ತು. ಮದರಾಸಿನಿಂದ ಬೆಂಗಳೂರಿಗೆ ಬರುವ ದಾರಿ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯ ಮೇಲೆ ಹಾದುಹೋಗುತ್ತಿತ್ತು. ಅಲ್ಲಿಂದ ಚಿನ್ನದ ಗಣಿಗಳಿಗೂ ಒಂದು ಕವಲು ಹಾಕಲಾಯಿತು. ಆದರೆ ಜಿಲ್ಲಾ ಕೇಂದ್ರವಾದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳೆಲ್ಲ ಈ ದಾರಿಯಿಂದ ಹೊರಗೇ ಉಳಿದವು.

ಆ ಕೊರತೆ ನೀಗಿದ್ದು, ಇದೇ ಸೀಮೆಯ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರದವರೆಗೆ ಹಳಿ ಬಂತು. 1915ರಲ್ಲಿ ಯಲಹಂಕದಿಂದ ದೇವನಹಳ್ಳಿ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ಹಳಿ ಸಿದ್ಧವಾಯಿತು. ಮರುವರ್ಷ ಕೋಲಾರದ ಹಳಿ ಚಿಕ್ಕಬಳ್ಳಾಪುರವನ್ನು ಮುಟ್ಟಿ, ಎರಡೂ ಕೂಡಿಕೊಂಡವು. ಯಲಹಂಕದಿಂದ ಬಂಗಾರಪೇಟೆಯವರೆಗೆ ಸುಮಾರು 150 ಕಿಲೋಮೀಟರ್ ಉದ್ದದ ದಾರಿ ತೆರೆಯಿತು.

ಇದರ ಹಳಿಗಳ ನಡುವಣ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಮೀಟರ್‌ಗೇಜಿನದು 1000, ಬ್ರಾಡ್‌ಗೇಜಿನದು 1676 ಮಿಲಿಮೀಟರ್. ಹಳಿ ಕಿರಿದಾದಷ್ಟೂ ಖರ್ಚು ಕಡಿಮೆ. ಹಗುರವಾದ ಕಂಬಿ ಸಾಕು, ಚಿಕ್ಕ ಸೇತುವೆ ಸಾಕು, ಗುಡ್ಡ ಅಡ್ಡ ಬಂದರೆ ಅದನ್ನು ಸೀಳದೆ ಬಳಸಿಕೊಂಡು ಹೋಗಬಹುದು. ಬೊಕ್ಕಸದಲ್ಲಿ ಹಣ ಕಡಿಮೆಯಿದ್ದಾಗ ಹಲವು ಊರುಗಳಿಗೆ ರೈಲು ಕೊಡಲು ಇದು ಸುಲಭದ ಉಪಾಯ. ಆದರೆ ಉಳಿತಾಯಕ್ಕೂ ಒಂದು ಬೆಲೆಯಿದೆ. ಕಾಲು ಜೋಡಿಸಿ ನಿಂತವನನ್ನು ತಳ್ಳಿ ಬೀಳಿಸುವುದು ಸುಲಭ, ಕಾಲು ಅಗಲಿಸಿ ನಿಂತವನನ್ನು ಕಷ್ಟ. ಕಿರಿದಾದ ಹಳಿಯ ಮೇಲೆ ನಿಂತ ಗಾಡಿಯದೂ ಇದೇ ಪಾಡು. ವೇಗ ಹೆಚ್ಚಿದರೆ ತಿರುವಿನಲ್ಲಿ ಮಗುಚುವ ಭಯ. ಹೀಗಾಗಿ ಸಣ್ಣ ರೈಲಿಗೆ ನಿಧಾನವೇ ಧರ್ಮ.

ಸದಾ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಸೀಮೆಯಿದು. ಶಿಡ್ಲಘಟ್ಟ ರೇಷ್ಮೆಗೂ ಶ್ರೀನಿವಾಸಪುರ ಮಾವಿಗೂ ಹೆಸರಾದವು. ಕಚೇರಿ, ಕೋರ್ಟು, ಕಾಲೇಜು ಎಂದು ಕೋಲಾರಕ್ಕೆ ಹೋಗಬೇಕಾದವರಿಗೆ, ಸಂತೆಗೆ ಹೊರಟವರಿಗೆ, ಬೆಂಗಳೂರಿನ ಕಡೆ ಮುಖ ಮಾಡಿದವರಿಗೆ ಈ ದಾರಿ ಊರಿನ ಹತ್ತಿರವೇ ಸಿಕ್ಕಿತು.

ಆದರೆ ರಸ್ತೆಗಳು ಸುಧಾರಿಸಿ ಬಸ್ಸುಗಳು ಹೆಚ್ಚಿದಂತೆ ಸಣ್ಣ ರೈಲಿನ ನಿಧಾನ ಹೊರೆಯೆನಿಸತೊಡಗಿತು. ಅದಕ್ಕಿಂತ ದೊಡ್ಡ ತೊಡಕು ಬಂಗಾರಪೇಟೆಯಲ್ಲಿತ್ತು. ಸಣ್ಣ ಹಳಿಯ ಡಬ್ಬಿ ದೊಡ್ಡ ಹಳಿಯ ಮೇಲೆ ಓಡಲಾರದು. ಅಲ್ಲಿಂದಾಚೆ ಹೋಗುವ ಪ್ರತಿ ಮೂಟೆಯನ್ನೂ ಇಳಿಸಿ, ಮತ್ತೆ ಏರಿಸಬೇಕು. ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯುನಿಗೇಜ್ ಯೋಜನೆ 1992ರಲ್ಲಿ ಆರಂಭವಾದಾಗ ಇಂಥ ದಾರಿಗಳ ಹಣೆಬರಹ ನಿರ್ಧಾರವಾಯಿತು. ಆ ದಶಕದಲ್ಲೇ ಯಲಹಂಕ–ಚಿಕ್ಕಬಳ್ಳಾಪುರ ಮತ್ತು ಬಂಗಾರಪೇಟೆ–ಕೋಲಾರ ತುದಿಗಳು ಬ್ರಾಡ್‌ಗೇಜ್ ಆದವು. ಕೋಲಾರದ ತುದಿಯಲ್ಲಿ ಕೆಲವು ಕಾಲ ಹಳಿಯ ಮೇಲೆ ಓಡುವ ಬಸ್ಸಿನಂಥ ರೈಲ್‌ಬಸ್ ಬಂತು. ಸಣ್ಣ ರೈಲು ನಿಂತುಹೋಯಿತು.

ಕಷ್ಟ ಬಂದದ್ದು ನಡುವಿನ ಊರುಗಳಿಗೆ. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳು ಹಳೆಯ ರೈಲನ್ನು ಕಳೆದುಕೊಂಡು ಹೊಸದಕ್ಕಾಗಿ ಒಂದು ದಶಕಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಆ ನಡುವೆ, 2007ರಲ್ಲಿ, ಜಿಲ್ಲೆಯೇ ಎರಡಾಗಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಕೋಲಾರ–ಚಿಕ್ಕಬಳ್ಳಾಪುರ ಬ್ರಾಡ್‌ಗೇಜ್ ದಾರಿ ತೆರೆದದ್ದು 2013ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಶಾಲೆಗೆ ಸೇರಿದ ಮಕ್ಕಳು ಓದು ಮುಗಿಸಿ, ರೈಲಿನ ವೇಳೆಯನ್ನೇ ತಿಳಿಯದೆ ದೊಡ್ಡವರಾಗಿದ್ದರು. ಕಂಬಿಯನ್ನು ಮತ್ತೆ ಹಾಸಬಹುದು. ಬೆಳಗಿನ ಗಾಡಿಗೆಂದು ಬುತ್ತಿ ಕಟ್ಟಿಕೊಂಡು ಹೊರಡುವ ರೂಢಿಯನ್ನು ಹಾಸಲಾಗದು.

ಈ ಕಥೆಗೆ ಇನ್ನೊಂದು ತಿರುವೂ ಉಂಟು. ದೇವನಹಳ್ಳಿಯ ಬಳಿ 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬಂತು. 2021ರಲ್ಲಿ ಅದಕ್ಕಾಗಿಯೇ ಇದೇ ದಾರಿಯಲ್ಲಿ ಒಂದು ಹಾಲ್ಟ್ ನಿಲ್ದಾಣ ತೆರೆಯಿತು. ಮಾವು, ರೇಷ್ಮೆಗಳ ಸೀಮೆಗೆಂದು ಹಿರಿಯರು ಹಾಕಿದ ಜಾಡಿನಲ್ಲೇ ಈಗ ವಿಮಾನ ಹಿಡಿಯುವವರ ದಾರಿಯೂ ಇದೆ. ಜಾಡು ಸರಿಯಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಂದಿ ಹಾಲ್ಟ್‌ನ ಹಳೆಯ ಕಟ್ಟಡ ಇನ್ನೂ ನಿಂತಿದೆ. ಹಳಿಯನ್ನು ಅಗಲ ಮಾಡುವುದು ಎಂಜಿನಿಯರುಗಳ ಕೆಲಸ. ಆ ಹಳಿಯ ಮೇಲೆ ಊರಿನವರ ವೇಳೆಗೆ ಸರಿಯಾಗಿ ಗಾಡಿ ಓಡಿಸಿದಾಗಲೇ ಅದು ಊರಿನ ರೈಲಾಗುತ್ತದೆ.