ಮೈಸೂರು ಗೆ ಎರಡು ಟಿಕೆಟ್

ಉ, ಅನ್ನು, ಇಂದ, ಗೆ, ಇಗೆ, ಕ್ಕೆ, ದೆಸೆಯಿಂದ... ಹೀಗೆ ವಿಭಕ್ತಿ ಪ್ರತ್ಯಯ ಉರು ಹೊಡೆಸಿದ ಕನ್ನಡ ಮೇಷ್ಟರನ್ನು ಮನಸ್ಸಿನಲ್ಲೇ ಬೈಯದವರು ಯಾರು? ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದವರೂ ಉಂಟು. ಈಗ ತುಂಬುವ ಕಾಲ ಬಂದಿದೆ. ಆ್ಯಪ್ ಬರೆಯುವ ಹುಡುಗರಿಗೆ ಬೇಕಾದದ್ದು ಆ ಪಾಠವೇ.

ಆ್ಯಪ್‌ಗೆ ಇನ್ನೊಂದು ಭಾಷೆ ಸೇರಿಸುವುದು ಕೇಳಲಿಕ್ಕೆ ಸಲೀಸು. ಪರದೆಯ ಮೇಲೆ ಕಾಣುವ ಮಾತನ್ನೆಲ್ಲ ಕೋಡ್‌ನಿಂದ ಹೊರತೆಗೆದು ಭಾಷೆಗೊಂದರಂತೆ ಫೈಲಿನಲ್ಲಿಡುವುದು. ಗೆಟ್‌ಟೆಕ್ಸ್ಟ್ ಎಂಬ ಅನುವಾದದ ಸಲಕರಣೆಯಲ್ಲಾದರೆ ಮೇಲಿನ ಸಾಲು ಇಂಗ್ಲಿಷ್, ಕೆಳಗಿನದು ಕನ್ನಡ. ಟಿಕೆಟ್ಟಿನ ಆ್ಯಪ್‌ನಲ್ಲಿ ಊರಿನ ಹೆಸರು ಬರುವಲ್ಲಿ ಖಾಲಿ ಜಾಗ. ಇಂಗ್ಲಿಷಿನಲ್ಲಿ ಅದರ ಹಿಂದೊಂದು 'ಟು' ಇಟ್ಟರೆ ಆಯಿತು. ನಮ್ಮಲ್ಲಿ ಮೈಸೂರು ಮೈಸೂರಿಗೆ ಆಗಬೇಕು, ಹಾಸನ ಹಾಸನಕ್ಕೆ. ಯಂತ್ರಕ್ಕೆ ಅಷ್ಟು ವ್ಯವಧಾನವಿಲ್ಲ. 'ಮೈಸೂರು ಗೆ', 'ಹಾಸನ ಗೆ' ಎಂದು ಒಗೆಯುತ್ತದೆ. ಉಡುಪಿಯವರು ಪುಣ್ಯವಂತರು, ಅವರದು ಬರೀ ಒಂದು ಸ್ಪೇಸಿನ ತಪ್ಪು!

ಬಹುವಚನಕ್ಕೆ ಗೆಟ್‌ಟೆಕ್ಸ್ಟ್‌ನಲ್ಲಿ ಒಳ್ಳೆಯ ಏರ್ಪಾಡೇ ಇದೆ. ಅರಬ್ಬಿಗೆ ಆರು ರೂಪ, ರಷ್ಯನ್‌ಗೆ ಮೂರು, ಜಪಾನಿಗೆ ಒಂದೇ. ವಿಭಕ್ತಿಗೆ ಮಾತ್ರ ಅಂಥ ಭಾಗ್ಯವಿಲ್ಲ. ಪ್ರತ್ಯಯ ಅಂಟಿಸುವ ತುರ್ಕಿ, ಫಿನ್ನಿಷ್‌ನವರದೂ ಇದೇ ಗೋಳು.

ಜಾಣರು ದಾರಿ ಕಂಡುಕೊಂಡಿದ್ದಾರೆ. 'ತಲುಪುವ ಊರು: ಮೈಸೂರು' ಎಂದು ಬರೆದರೆ ಪ್ರತ್ಯಯದ ರಗಳೆಯೇ ಇಲ್ಲ. ಲಿಂಗದ ತೊಡಕಿಗೂ ಉಪಾಯವುಂಟು. ಹಣ ಕಳಿಸಿದ ಕಿರಣ್ ಗಂಡೋ ಹೆಣ್ಣೋ ಯಂತ್ರಕ್ಕೆ ತಿಳಿಯದು; 'ಕಿರಣ್ ಅವರು ಕಳಿಸಿದ್ದಾರೆ' ಎಂದರೆ ಲಿಂಗದ ತಕರಾರು ಮುಗಿಯಿತು, ಮರ್ಯಾದೆಯೂ ಉಳಿಯಿತು. ನಮ್ಮ ಹಿರಿಯರು ಬಹುವಚನದಲ್ಲಿ ಮಾತಾಡಿಸುವುದನ್ನು ಕಲಿಸಿದ್ದು ಹೀಗೂ ಕೆಲಸಕ್ಕೆ ಬಂತು.

ಇನ್ನು ಒತ್ತಕ್ಷರದ ಕಥೆ. ಇಂಗ್ಲಿಷ್ ಅಳತೆಗೆ ಕೊರೆದ ಬಟನ್ನಿನೊಳಗೆ ನಮ್ಮ ಒತ್ತುಗಳು ಹಿಡಿಸುವುದಿಲ್ಲ. ಬುಡ ಕತ್ತರಿಸಿ 'ಅಕ್ಕ' 'ಅಕ' ಆಗುತ್ತಾಳೆ. ಎಸ್‌ಎಂಎಸ್‌ನಲ್ಲಂತೂ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70; ಅದರಲ್ಲೂ ಕಾಗುಣಿತ, ಒತ್ತುಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ.

ಇಷ್ಟಾಗಿಯೂ ದೂರು ಕೊಡುವವರು ಕಡಿಮೆ. ಕನ್ನಡ ಬೇಕೆಂದು ಗಂಟಲು ಹರಿದುಕೊಳ್ಳುವ ನಮ್ಮಲ್ಲೇ ಎಷ್ಟೋ ಜನರ ಫೋನು ಇಂಗ್ಲಿಷಿನಲ್ಲಿದೆ. ಹಾಗಿದ್ದಾಗ 'ಹಾಸನ ಗೆ' ಯಾರ ಕಣ್ಣಿಗೆ ಚುಚ್ಚಬೇಕು? ಒಮ್ಮೆ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಮಾಡಿಕೊಳ್ಳಿ. ತಪ್ಪು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಆ್ಯಪ್ ಮಾಡಿದವರಿಗೇ ಕಳಿಸಿ.